ಪಾದ್ರಿ ಸಾಹೇಬರು, ಉಪದೇಶಿ, ಸ್ವಾಮಿಗಳು

ಬೆಳಗಾವಿ ಜಿಲ್ಲೆಯ ಮುರಗೋಡ ಅಂದರೆ ಮಂದಿಗೆ ಮೊದಲು ನೆನಪಾಗುವವರು ಮಹಾಂತಜ್ಜ, ಆಮೇಲೆ ಚಿದಂಬರ ದೀಕ್ಷಿತರು. ಇಂಥ ಸಂತರ ಸೀಮೆಯಲ್ಲಿ ಕ್ರೈಸ್ತ ಸೇವೆ ನಡೆದು ಬಂದ ಬಗೆಯನ್ನು ಬರೆದುಕೊಡಿ ಎಂದು ಸಂಚಿಕೆಯವರು ಕೇಳಿದಾಗ, 'ಅಷ್ಟು ಏನದ ಬರೀಲಿಕ್ಕೆ?' ಎಂದು ನಾನೇ ಅಂದಿದ್ದೆ. ಆ ಮಾತನ್ನು ಈಗ ಹಿಂದಕ್ಕೆ ತಗೊಂಡಿದ್ದೇನೆ.

ಲಂಡನ್ ಮಿಶನ್ನಿನ ಜೋಸೆಫ್ ಟೇಲರ್ ಬಳ್ಳಾರಿಯಿಂದ ಬೆಳಗಾವಿಗೆ ಬಂದದ್ದು 1820ರಲ್ಲಿ. ನಾಲ್ಕೇ ವರ್ಷಕ್ಕೆ ಕಿತ್ತೂರಿನಲ್ಲಿ ಗುಂಡು ಹಾರಿತು. ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತ, ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾದಳು. ಅಂಥ ಹೊತ್ತಿನಲ್ಲಿ ಬಿಳಿಯ ಪಾದ್ರಿಯೊಬ್ಬ ಪುಸ್ತಕ ಹಿಡಿದು ಊರೊಳಗೆ ಬಂದರೆ, ಇವನೂ ಥ್ಯಾಕರೆಯ ಕಡೆಯವನೇ ಎಂದು ಹಳ್ಳಿಯವರು ಅಂದುಕೊಂಡಿದ್ದರೆ ತಪ್ಪೇನು? ಬೆಳಗಾವಿಯ ಕಂಟೋನ್ಮೆಂಟಿನಲ್ಲಿ ಶಾಲೆ ನಡೆಸಿದಷ್ಟು ಸಲೀಸಾಗಿ ಮಲಪ್ರಭೆಯ ದಂಡೆಯ ಹಳ್ಳಿಗಳಲ್ಲಿ ಕೆಲಸ ಸಾಗದಿದ್ದುದಕ್ಕೆ ಇದೂ ಒಂದು ಕಾರಣವಿದ್ದೀತು.

ಧಾರವಾಡದ ಕಡೆಯಿಂದ ಬಾಸೆಲ್ ಮಿಶನ್ 1837ರಲ್ಲಿ ಶುರುವಾಯಿತು. ಅವರ ಒಂದು ಕಥೆ ಇಲ್ಲಿ ಹೇಳಲೇಬೇಕು. ಹುಬ್ಬಳ್ಳಿ, ಬೆಟಗೇರಿ ಸುತ್ತಲಿನ, ಕಾಲಜ್ಞಾನವೆಂಬ ಭವಿಷ್ಯವಾಣಿಯನ್ನು ನಂಬಿದ ಒಕ್ಕಲು ಆ ಪಾದ್ರಿಗಳ ಹತ್ತಿರ ಬಂದು, ನಮ್ಮ ಕಾಲಜ್ಞಾನದಲ್ಲಿ ಹೇಳಿದ ಗುರುಗಳು ನೀವೇ ಎಂದರಂತೆ. ಹಾಗೆ ಸೇರುವವರಿಗೆ ಒಕ್ಕಲುತನಕ್ಕೆ ಆಸರೆಯಾಗಲೆಂದು 1841ರಲ್ಲಿ ಮಲಸಮುದ್ರದಲ್ಲಿ ಒಂದು ಬೀಡು ಎದ್ದಿತು. ಗುಂಪಾಗಿ ಬರುತ್ತೇವೆಂದವರು ಬರಲಿಲ್ಲ. ಪಾದ್ರಿಗಳು ಒಬ್ಬೊಬ್ಬರ ಮನಸ್ಸು ತಿರುಗಬೇಕು ಎನ್ನುತ್ತಿದ್ದರು. ನಮ್ಮ ಹಳ್ಳಿಯಲ್ಲಿ ಒಬ್ಬನ ಮನಸ್ಸು ಅಂತ ಬೇರೆ ಇರುವುದಿಲ್ಲ, ಮನೆತನದ ಮನಸ್ಸು ಇರುತ್ತದೆ. ಇದು ಅವರಿಗೆ ತಿಳಿಯುವಷ್ಟರಲ್ಲಿ ಬಹಳ ವರ್ಷ ಕಳೆದವು.

1904ರಲ್ಲಿ ಲಂಡನ್ ಮಿಶನ್ ಬೆಳಗಾವಿಯ ಕೆಲಸವನ್ನು ಅಮೆರಿಕದ ಮೆಥೋಡಿಸ್ಟರಿಗೆ ಒಪ್ಪಿಸಿತು. ಬೆಳಗಾವಿ ಜಿಲ್ಲೆಯ ಹಳ್ಳಿಗಳ ದಲಿತ ಕೇರಿಗಳಿಂದ ಮನೆಮನೆಯೇ ಸಭೆಗೆ ಸೇರಿದ್ದು ಹೆಚ್ಚಾಗಿ ಇವರ ಕಾಲದಲ್ಲಿ. ಆದರೆ ಆ ಕೆಲಸ ಮಾಡಿದವರು ಅಮೆರಿಕದವರು ಎನ್ನುವುದು ಅರ್ಧ ಮಾತು. ಪಾದ್ರಿ ಸಾಹೇಬರು ವರ್ಷಕ್ಕೆ ಕೆಲವು ಸಲ ಕುದುರೆಯ ಮೇಲೋ ಟಾಂಗಾದಲ್ಲೋ ಬಂದು ಹೋಗುವವರು. ಕೇರಿಯಲ್ಲೇ ಉಳಿದವನು ಉಪದೇಶಿ. ಹಗಲಿಗೆ ಕೂಲಿಗೆ ಹೋದ ಮಕ್ಕಳಿಗೆ ರಾತ್ರಿ ಕಂದೀಲಿನ ಬೆಳಕಿನಲ್ಲಿ ಅಕ್ಷರ ತಿದ್ದಿಸುವವನು ಅವನು. ಹೆಣ ಎತ್ತಲು, ಕೋರ್ಟಿನ ಕಾಗದ ಓದಲು, ಗಂಡ ಹೆಂಡತಿಯ ಜಗಳ ಬಿಡಿಸಲು ಕರೆಯುವುದು ಅವನನ್ನೇ. ಅವನ ಜೊತೆಗೆ 'ಬೈಬಲ್ ಬಾಯಿ' ಇರುತ್ತಿದ್ದಳು, ಹೆಣ್ಣುಮಕ್ಕಳ ಅಡುಗೆಮನೆಯ ತನಕ ಹೋಗಬಲ್ಲವಳು. ಮಿಶನ್ನಿನ ವರದಿಗಳಲ್ಲಿ ಇವರ ಹೆಸರು ಕಾಣುವುದು ಅಪರೂಪ, ಲೆಕ್ಕವೇ ಹೆಚ್ಚು. ನನಗೆ ಇದು ಅನ್ಯಾಯವಾಗಿಯೇ ಕಾಣುತ್ತದೆ.

ಇದೇ ಅಮೆರಿಕದ ಮೆಥೋಡಿಸ್ಟರು 1891ರಿಂದ ತಮ್ಮ ದೇಶದ ನವಾಹೋ ಆದಿವಾಸಿಗಳ ನಡುವೆಯೂ ಕೆಲಸ ಮಾಡುತ್ತಿದ್ದರು. ಅಲ್ಲಿನ ಬೋರ್ಡಿಂಗ್ ಶಾಲೆಗಳಲ್ಲಿ ಸರಕಾರ, ಮಿಶನ್ ಎನ್ನದೆ ಮಕ್ಕಳ ಕೂದಲು ಕತ್ತರಿಸಿ, ತಾಯಿಮಾತು ಆಡಿದರೆ ಶಿಕ್ಷೆ ಕೊಟ್ಟ ಕಾಲವೊಂದಿತ್ತು. ಆ ಗಾಯ ಇನ್ನೂ ಮಾಯ್ದಿಲ್ಲ. ಅರಿಜೋನಾದ ಸೇಂಟ್ ಮೈಕಲ್ಸ್‌ನ ಫ್ರಾನ್ಸಿಸ್ಕನ್ನರು ಮಾತ್ರ ನವಾಹೋ ಮಾತು ಕಲಿತು 1910ರಲ್ಲಿ ಅದರ ಕೋಶ ಅಚ್ಚುಹಾಕಿಸಿದರು. ನಮ್ಮ ಕಡೆ ಆ ಮಟ್ಟಿಗೆ ಪುಣ್ಯ. ಪಾದ್ರಿ ಕಿಟೆಲ್ಲರ ಕನ್ನಡ ಕೋಶ 1894ರಲ್ಲೇ ಬಂದಿತ್ತು, ಮಿಶನ್ ಶಾಲೆಯ ಪಾಠ ಕನ್ನಡದಲ್ಲಿತ್ತು, ಪ್ರಾರ್ಥನೆಯೂ ಕನ್ನಡದಲ್ಲಿತ್ತು.

ಕನ್ನಡ ಬಂತು, ಆದರೆ ಬಾಳುವೆ ಬೆರೆಯಿತೇ? ಇದಕ್ಕೆ ಉತ್ತರ ಬೇಕಾದವರು ನೇಸರಗಿ ಬಳಿಯ ದೇಶನೂರಿಗೆ ಹೋಗಬೇಕು. ಕಳೆದ ಶತಮಾನದ ನಡುಭಾಗದಲ್ಲಿ ಗೋವಾದ ಕ್ಯಾಥೋಲಿಕ ಜೆಸ್ವಿಟ್ ಪಾದ್ರಿ ಅರ್ಮಾಂಡೊ ಆಲ್ವಾರಿಸ್ ಅಲ್ಲಿಗೆ ಬಂದು ನಿಂತರು. ಬಿಳಿಯ ನಿಲುವಂಗಿ ತೆಗೆದು ಕಾವಿ ಉಟ್ಟರು, ಮಾಂಸ ಬಿಟ್ಟರು, ಅಣಿಮಾನಂದ ಸ್ವಾಮಿ ಎನಿಸಿಕೊಂಡರು. ಅವರ ಇಗರ್ಜಿಯ ಹೆಸರು ಸ್ನಾನಿಕ ಅರುಳಪ್ಪ ವಿರಕ್ತ ಮಠ. ಅರುಳಪ್ಪ ಅಂದರೆ ಯೋಹಾನ. ದೀಕ್ಷಾಸ್ನಾನ ಕೊಟ್ಟವನಾದ್ದರಿಂದ ಸ್ನಾನಿಕ. ಹೊಸಬರು ಈ ಹೆಸರು ಕೇಳಿ ಯಾವ ಪೀಠದ ಶಾಖೆ ಎಂದು ವಿಚಾರಿಸಿದರೆ ಅಚ್ಚರಿಯಿಲ್ಲ.

ಚಪ್ಪಲಿ ಹೊರಗೆ ಕಳಚಿ ಒಳಗೆ ಹೋದರೆ ಬೆಂಚುಗಳಿಲ್ಲ, ನೆಲದ ಮೇಲೇ ಕೂಡಬೇಕು. ಪರಮಪ್ರಸಾದ ಇಡುವ ಪೆಟ್ಟಿಗೆ ಲಿಂಗದ ಆಕಾರದಲ್ಲಿದೆ. ಪೂಜೆಗೆ ಆರತಿ ಇದೆ, ಊದುಬತ್ತಿ ಇದೆ. ಮಠದಲ್ಲಿ ಊಟ ಸಸ್ಯಾಹಾರ. ಎರಡನೆಯ ವ್ಯಾಟಿಕನ್ ಸಭೆ (1962–65) ಕೂಡಿ ಲ್ಯಾಟಿನ್ ಬಿಟ್ಟು ಜನರ ಮಾತಿಗೆ ದಾರಿ ಮಾಡುವ ಮೊದಲೇ ಇಲ್ಲಿ ಇಂಥ ಪ್ರಯೋಗಕ್ಕೆ ಅಡಿಗಲ್ಲು ಬಿದ್ದಿತ್ತು. ಹೊಸದೇನಲ್ಲ ಅನ್ನಿ, 17ನೆಯ ಶತಮಾನದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಚಿನ್ನಮಿ ಎಂಬ ಇಟಲಿಯ ಜೆಸ್ವಿಟ್ ಕೂಡ ಸನ್ಯಾಸಿಯ ವೇಷವನ್ನೇ ತೊಟ್ಟಿದ್ದ.

ಇದನ್ನು ವೇಷ ಎಂದು ಹಳಿಯುವವರು ಎರಡೂ ಕಡೆ ಇದ್ದಾರೆ. ಲಿಂಗಾಯತರಲ್ಲಿ ಕೆಲವರಿಗೆ ಇದು ಮಠದ ಹೆಸರಿನ ಕಳವು. ಕ್ರೈಸ್ತರಲ್ಲಿ ಕೆಲವರಿಗೆ ಕಲಬೆರಕೆ. ಕೇರಿಯಿಂದ ಬಂದ ಕ್ರೈಸ್ತನ ಪ್ರಶ್ನೆ ಇವೆರಡಕ್ಕಿಂತ ಹರಿತವಾಗಿದೆ. 'ನಮ್ಮನ್ನ ಒಳಗ ಬಿಡದ ಮಠದ ರೀತಿನ ಯಾಕ ತಂದ್ರಿ?' ಎಂದು ಅವನು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಆದರೆ ನೆಲದ ಮೇಲೆ ಎಲ್ಲರ ಜೊತೆ ಕೂತ ಪಾದ್ರಿ, ಕುರ್ಚಿಯ ಮೇಲೆ ಕೂತ ಪಾದ್ರಿಗಿಂತ ಈ ಸೀಮೆಗೆ ಹತ್ತಿರದವನಾದ ಎಂಬುದನ್ನು ಅಲ್ಲಗಳೆಯಲಾರೆ.

ಇನ್ನು ಕಾಗದಪತ್ರದ ಮಾತು. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಕ್ರೈಸ್ತನಾದ ದಲಿತ ಪರಿಶಿಷ್ಟ ಜಾತಿಯವನಲ್ಲ. ಕರ್ನಾಟಕದಲ್ಲಿ ಅವನು ಹಿಂದುಳಿದವರ ಪ್ರವರ್ಗ 1ಕ್ಕೆ ಸೇರುತ್ತಾನೆ. ಹೀಗಾಗಿ ರವಿವಾರ ಒಂದು ಹೆಸರು, ತಹಶೀಲ್ದಾರ ಕಚೇರಿಯಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡ ಮನೆಗಳಿವೆ. ಅವರನ್ನು ಸುಳ್ಳುಗಾರರೆಂದು ಬೈಯುವುದು ಸುಲಭ. ಹೊಟ್ಟೆಯ ಲೆಕ್ಕ ಗೊತ್ತಿದ್ದವರು ಬೈಯಲಾರರು. ನಮ್ಮ ಚರಿತ್ರೆ ಅರ್ಧ ಬಾಯಿಮಾತಿನಲ್ಲೇ ಉಳಿದದ್ದು, ಹೆಸರು ಹೊರಬಿದ್ದರೆ ಸವಲತ್ತು ಹೋದೀತೆಂಬ ಅಂಜಿಕೆಯಿಂದ.

ಪರಿಚಯದ ಮನೆಯೊಂದರಲ್ಲಿ ಹಳೆಯ ಕೀರ್ತನೆ ಪುಸ್ತಕವೊಂದನ್ನು ಕಂಡೆ. ಜೋಳದ ಚೀಲದ ಹಿಂದೆ, ಬಟ್ಟೆಯಲ್ಲಿ ಸುತ್ತಿಟ್ಟದ್ದು. ಕೊನೆಯ ಹಾಳೆಯಲ್ಲಿ ಮಕ್ಕಳು ಹುಟ್ಟಿದ ದಿನ, ದೀಕ್ಷಾಸ್ನಾನದ ದಿನ, ಎತ್ತು ಕೊಂಡ ದಿನ ಎಲ್ಲ ಒಂದೇ ಕೈಬರಹದಲ್ಲಿತ್ತು. ಅಂಚನ್ನು ಗೆದ್ದಲು ತಿಂದಿತ್ತು. ಅಂಥ ಪುಸ್ತಕ, ಫೋಟೋ, ಉಪದೇಶಿಗಳ ದಿನಚರಿ ನಿಮ್ಮ ಮನೆಯ ಅಟ್ಟದಲ್ಲಿದ್ದರೆ ಈ ಸಂಚಿಕೆಯವರಿಗೆ ಒಂದು ಮಾತು ತಿಳಿಸಿ. ಕೊಡುವುದು ಬೇಡ, ಫೋಟೋ ತೆಗೆದುಕೊಂಡು ತಿರುಗಿ ನಿಮ್ಮ ಕೈಗೇ ಇಡುತ್ತೇವೆ. ಮಳೆಗಾಲದೊಳಗೆ ಆದರೆ ಒಳ್ಳೆಯದು.