ಫಿಜಿಯ ಕರಾರು ಕೂಲಿಗಳೂ ಅವರ ‘ರಕ್ಷಕ’ರೂ

1879ರಿಂದ 1916ರ ವರೆಗೆ 60,000ಕ್ಕೂ ಮಿಕ್ಕ ಭಾರತೀಯರು ಐದು ವರ್ಷದ ಕರಾರಿಗೆ ಒಳಪಟ್ಟು ಫಿಜಿ ದ್ವೀಪಗಳಿಗೆ ಹೋದರು. ಬಹುಮಂದಿ ದುಡಿದುದು ಕಬ್ಬಿನ ತೋಟಗಳಲ್ಲಿ. ‘ಅಗ್ರಿಮೆಂಟ್’ ಎಂಬ ಮಾತು ಅವರ ಬಾಯಲ್ಲಿ ‘ಗಿರ್ಮಿಟ್’ ಆಯಿತು. ಈ ವಲಸೆಗೆ ಮೇಲ್ವಿಚಾರಣೆಯೇ ಇರಲಿಲ್ಲವೆಂದು ಭಾವಿಸುವುದು ಸರಿಯಲ್ಲ. 1883ರ ವಲಸೆ ಕಾಯಿದೆಯಂತೆ ಕಲ್ಕತ್ತೆಯಲ್ಲಿಯೂ, 1903ರಿಂದ ಫಿಜಿಗೆ ಹಡಗುಗಳು ಹೊರಡತೊಡಗಿದ ಮದರಾಸಿನಲ್ಲಿಯೂ ‘ವಲಸಿಗರ ರಕ್ಷಕ’ನೆಂಬ ಅಧಿಕಾರಿಯಿದ್ದನು, ಫಿಜಿಯಲ್ಲಿ ಇಮಿಗ್ರೇಷನ್ ಇಲಾಖೆಯ ಇನ್‌ಸ್ಪೆಕ್ಟರುಗಳಿದ್ದರು. ಆದರೆ ಬಂದರಿನ ರಕ್ಷಕನ ಕೈ ತೋಟದ ವರೆಗೆ ಚಾಚುತ್ತಿರಲಿಲ್ಲ. ಇನ್‌ಸ್ಪೆಕ್ಟರನಾದರೋ ಸಕ್ಕರೆಯ ಉದ್ಯಮವನ್ನೇ ನೆಚ್ಚಿಕೊಂಡಿದ್ದ ವಸಾಹತು ಸರಕಾರದ ನೌಕರ. ಕರಾರು ಮುರಿದ ಕೂಲಿಗೆ ದಂಡವೂ ಉಂಟು, ಸೆರೆಮನೆಯೂ ಉಂಟು. ಹೆಸರು ಮಾತ್ರ ರಕ್ಷಣೆಯದು!

1912ರಲ್ಲಿ ಗೋಖಲೆಯವರು ವೈಸರಾಯರ ಶಾಸನಸಭೆಯಲ್ಲಿ ಈ ಪದ್ಧತಿಯ ರದ್ದತಿಗಾಗಿ ಮಂಡಿಸಿದ ಠರಾವು ಸರಕಾರಿ ಬಹುಮತದೆದುರು ಬಿದ್ದುಹೋಯಿತು. ಮರುವರ್ಷ ಸರಕಾರವೇ ಕಳುಹಿಸಿದ ಮ್ಯಾಕ್‌ನೀಲ್ ಮತ್ತು ಚಿಮ್ಮನ್‌ಲಾಲರು ಆತ್ಮಹತ್ಯೆ, ಮೊಕದ್ದಮೆಗಳ ಅಂಕಿಗಳನ್ನು ಮುಚ್ಚಿಡಲಿಲ್ಲವೆಂಬುದನ್ನು ನಾವು ನ್ಯಾಯವಾಗಿ ಒಪ್ಪಬೇಕು. ಆದರೂ ಲಾಭವೇ ಹೆಚ್ಚೆಂದೆಣಿಸಿ ಅವರು ಸುಧಾರಣೆಗಳನ್ನಷ್ಟೇ ಸೂಚಿಸಿದರು. 1915ರಲ್ಲಿ ಸಿ. ಎಫ್. ಆಂಡ್ರೂಸ್ ಮತ್ತು ಡಬ್ಲ್ಯು. ಡಬ್ಲ್ಯು. ಪಿಯರ್ಸನ್ ಸರಕಾರದ ನೇಮಕವಿಲ್ಲದೆಯೇ ಫಿಜಿಗೆ ಹೋದರು. ಕೂಲಿ ಲೈನುಗಳನ್ನು ಕಂಡು, ಅಲ್ಲಿದ್ದವರನ್ನೇ ವಿಚಾರಿಸಿ, ಪದ್ಧತಿಯೇ ತೊಲಗಬೇಕೆಂದು ವರದಿ ಬರೆದರು. ಪದ್ಧತಿಯನ್ನು ಹೇಗೆ ನಡೆಸಬೇಕೆಂಬುದು ಮೊದಲಿನವರ ಪ್ರಶ್ನೆಯಾದರೆ, ಅದು ಇರಬೇಕೇ ಎಂಬುದು ಇವರದು. ನಮ್ಮ ದೃಷ್ಟಿಯಲ್ಲಿ ಎರಡು ವರದಿಗಳ ಅಂತರವೆಲ್ಲ ಇಲ್ಲಿಯೇ ಇದೆ.

1916ರಲ್ಲಿ ಮಾಳವೀಯರ ಠರಾವನ್ನು ವೈಸರಾಯ್ ಹಾರ್ಡಿಂಜ್ ಒಪ್ಪಿದರು. 1917ರಲ್ಲಿ ಕೂಲಿಗಳ ಭರ್ತಿ ನಿಂತಿತು. ಫಿಜಿಯಲ್ಲಿ ಉಳಿದಿದ್ದ ಕರಾರುಗಳು 1920ರ ಜನವರಿ 1ರಂದು ರದ್ದಾದುವು.