ಶಾಲೆಯ ಹೊಸ್ತಿಲಲ್ಲಿ ನಿಂತ ಪಾಕಶಾಸ್ತ್ರ

ಅಡಿಗೆ ಹೆಂಗಸರ ಮನೆಗೆಲಸ, ಅದಕ್ಕೆ ಶಾಸ್ತ್ರವೇನು, ಶಾಲೆಯೇನು ಎಂದು ಕೇಳುವವರು ನಮ್ಮಲ್ಲಿ ಇಂದಿಗೂ ಉಂಟು. ನಮ್ಮ ಹಿರಿಯರ ಎಣಿಕೆ ಹಾಗಿರಲಿಲ್ಲ. ಒಳ್ಳೆಯ ಅಡಿಗೆಗೆ ನಾವು ಕೊಡುವ ಹೆಸರು ನಳಪಾಕ, ಭೀಮಪಾಕ, ಇಬ್ಬರೂ ಗಂಡಸರು. 1025ರ ಸುಮಾರಿನಲ್ಲಿ ಇಮ್ಮಡಿ ಚಾವುಂಡರಾಯ ‘ಲೋಕೋಪಕಾರ’ವನ್ನು ರಚಿಸಿದಾಗ ಜಲಶೋಧನೆ, ವೃಕ್ಷಾಯುರ್ವೇದ, ಪಶುವೈದ್ಯಗಳ ಪಂಕ್ತಿಯಲ್ಲೇ ಅಡಿಗೆಗೂ ಮಣೆ ಹಾಕಿದ. 16ನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದ. ಅಡಿಗೆ ಕಲಿಯತಕ್ಕ, ಕಲಿಸತಕ್ಕ ವಿದ್ಯೆಯೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕೆ?

ಗುಮಾಸ್ತರನ್ನು ತಯಾರಿಸಲು ಹೊರಟ ಇಂಗ್ಲಿಷರ ಕಾಲದ ಶಾಲೆಗಳಲ್ಲಿ ಕೈಗೆಲಸಕ್ಕೆ ಮನ್ನಣೆಯಿರಲಿಲ್ಲ. 1937ರಲ್ಲಿ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮೂಲಶಿಕ್ಷಣದ ಯೋಜನೆಯನ್ನು ಮುಂದಿಟ್ಟ ಮೇಲೆ ಸೇವಾಗ್ರಾಮದ ಶಾಲೆಯಲ್ಲಿ ಅಡಿಗೆಮನೆಯ ಕೆಲಸವೂ ಪಾಠದ ಒಂದು ಅಂಗವಾಯಿತು. 1964-66ರ ಕೊಠಾರಿ ಆಯೋಗ ‘ಕಾರ್ಯಾನುಭವ’ವನ್ನು ಎತ್ತಿ ಹಿಡಿಯಿತು. ಆದರೂ ಅನೇಕ ಶಾಲೆಗಳಲ್ಲಿ ಅದು ಕಾಗದದ ಹೂವು, ಕಸೂತಿಗಳಲ್ಲೇ ಮುಗಿಯಿತು.

ಚಿತ್ರದುರ್ಗದ ಸೀಮೆಯಲ್ಲಿ ಈ ಮಾತಿಗೆ ಬೇರೊಂದು ತೂಕವಿದೆ. 12ನೆಯ ಶತಮಾನದ ಶರಣರು ಕಾಯಕದ ಜೊತೆಗೆ ಸಾರಿದ ದಾಸೋಹ ಇಲ್ಲಿಯ ಮಠಗಳಲ್ಲಿ ಅನ್ನವಾಗಿ, ಅಕ್ಷರವಾಗಿ ಬೆಳೆಯಿತು. ಸಿರಿಗೆರೆಯ ವಿದ್ಯಾರ್ಥಿನಿಲಯಗಳು ಇದಕ್ಕೆ ನಿದರ್ಶನ. ಕರ್ನಾಟಕದಲ್ಲಿ 2002ರಲ್ಲಿ ಆರಂಭವಾದ ಬಿಸಿಯೂಟದ ಯೋಜನೆಗೆ ‘ಅಕ್ಷರ ದಾಸೋಹ’ವೆಂಬ ಹೆಸರು ಬಂದದ್ದು ಉಚಿತವೇ ಆಯಿತು. ಹೀಗೆ ಅಡಿಗೆಮನೆಯೇನೋ ಶಾಲೆಯ ಅಂಗಳಕ್ಕೆ ಬಂದಿತು. ಪಾಠದ ಕೋಣೆಯನ್ನು ಹೊಕ್ಕಲಿಲ್ಲ.

ನಷ್ಟ ಸಣ್ಣದಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮಳೆಯಾಶ್ರಿತ ಹೊಲಗಳ ಬಾಳು ರಾಗಿ, ಸಾಮೆ, ನವಣೆಗಳದು. ನ್ಯಾಯಬೆಲೆ ಅಂಗಡಿಯ ಅಕ್ಕಿ ಬಂದ ಮೇಲೆ ಇವನ್ನು ಬೇಯಿಸುವ ಹದವೂ ಮನೆಮನೆಗಳಲ್ಲಿ ಮರೆಯುತ್ತಿದೆ. ಒಂದು ರಾಗಿಮುದ್ದೆಯನ್ನೇ ನೋಡಿ: ನೀರು ಕುದಿಯಬೇಕು, ಹಿಟ್ಟಿನ ಅಳತೆ ತಪ್ಪಬಾರದು, ಉರಿ ತಗ್ಗಿಸಿ ಬೇಯಿಸಬೇಕು, ಗಂಟು ಕಟ್ಟದಂತೆ ಕೋಲಿನಿಂದ ತಿರುವಬೇಕು. ಪಿಷ್ಟ ನೀರು ಕುಡಿದು ಉಬ್ಬುವ ರಸಾಯನ, ಪ್ರಮಾಣದ ಗಣಿತ, ಸುಣ್ಣದಂಶದಿಂದ ಎಲುಬು ಬಲಿಯುವ ಆರೋಗ್ಯಶಾಸ್ತ್ರ, ಇವಿಷ್ಟೂ ಆ ಒಂದು ಪಾತ್ರೆಯಲ್ಲಿವೆ. ಪುಸ್ತಕ ಓದಿ ಮುದ್ದೆ ಕಟ್ಟಿದವರಿಲ್ಲ, ಕೈ ಕಲಿಯಬೇಕು.

ಎಳೆಯರನ್ನು ಒಲೆಯ ಬಳಿಗೆ ಬಿಡಬಾರದೆಂಬ ಭಯ ನ್ಯಾಯವಾದದ್ದೇ. ಆದರೆ ಹೈಸ್ಕೂಲಿನ ಹುಡುಗ ಹುಡುಗಿಯರು ಎಳೆಯರಲ್ಲ. ಹಿರಿಯರ ಕಣ್ಗಾವಲಿನಲ್ಲಿ ವಾರಕ್ಕೊಂದು ದಿನ ಕಲಿತರೆ ಸಾಕು. ಹುಡುಗಿಗೆ ಹೊರೆ, ಹುಡುಗನಿಗೆ ಅವಮಾನ ಎನಿಸಿದ ಕೆಲಸ ಇಬ್ಬರಿಗೂ ವಿದ್ಯೆಯಾದೀತು. ಉಣ್ಣುವ ಹಕ್ಕನ್ನು ಶಾಲೆ ಕೊಟ್ಟಿದೆ. ಉಣಬಡಿಸುವ ಯೋಗ್ಯತೆಯನ್ನೂ ಕೊಡಲಿ.