ಹೊಳೆ ದಾಟಿದ ಹಣಕ್ಕೆ ತೆರಿಗೆ

ಗಂಡ ಮಾನ್ವಿಯಲ್ಲಿ ಶಿಕ್ಷಕ, ಹೆಂಡತಿಗೆ ಆಂಧ್ರದ ಆದೋನಿಯಲ್ಲಿ ಬ್ಯಾಂಕ್ ನೌಕರಿ. ರಾಯಚೂರು ಸೀಮೆಯಲ್ಲಿ ಇಂಥ ಸಂಸಾರ ಅಪರೂಪವೇನಲ್ಲ. ಇಬ್ಬರೂ ಬೇರೆ ಬೇರೆಯಾಗಿ ರಿಟರ್ನ್ಸ್ ಸಲ್ಲಿಸುತ್ತಾರೆ. ಆದಾಯ ತೆರಿಗೆ ಕೇಂದ್ರದ್ದು, ಮನೆ ಯಾವ ರಾಜ್ಯದಲ್ಲಿದ್ದರೂ ದರ ಒಂದೇ. ಅಮೆರಿಕಕ್ಕೆ ಹೋದ ನಮ್ಮವರಿಗೆ ಈ ನಿಶ್ಚಿಂತೆ ಇಲ್ಲ. ಕ್ಯಾಲಿಫೋರ್ನಿಯಾ ತನ್ನದೇ ಆದಾಯ ತೆರಿಗೆ ಕೇಳುತ್ತದೆ, ಟೆಕ್ಸಾಸ್ ಕೇಳುವುದಿಲ್ಲ. ದಂಪತಿ ಒಬ್ಬೊಬ್ಬರು ಒಂದೊಂದು ಕಡೆ ಇದ್ದರೆ, ಯಾರು ಎಲ್ಲಿಯ ನಿವಾಸಿ ಎಂಬುದೇ ದೊಡ್ಡ ಪ್ರಶ್ನೆ.

ಈ ಪ್ರಶ್ನೆ ತುಂಗಭದ್ರೆಯ ದಂಡೆಯಲ್ಲೂ ಒಮ್ಮೆ ಎದ್ದಿತ್ತು.

1800ರಲ್ಲಿ ನಿಜಾಮ ಬಳ್ಳಾರಿ, ಆದೋನಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಹೊಳೆಯೇ ಗಡಿಯಾಯಿತು. ರಾಯಚೂರು ದೋಆಬ್ ಕೂಡ 1853ರಲ್ಲಿ ಬ್ರಿಟಿಷರ ಕೈಸೇರಿ, 1860ರಲ್ಲಿ ನಿಜಾಮನಿಗೆ ಮರಳಿತು. ಜೇಮ್ಸ್ ವಿಲ್ಸನ್ ಬ್ರಿಟಿಷ್ ಇಂಡಿಯಾದಲ್ಲಿ ಮೊದಲ ಆದಾಯ ತೆರಿಗೆ ತಂದದ್ದೂ ಅದೇ ವರ್ಷ! ಅಲ್ಲಿಂದಾಚೆಗೆ ದೇವದುರ್ಗದ ಹೆಣ್ಣನ್ನು ಕೃಷ್ಣೆಯಾಚೆ ಸುರಪುರಕ್ಕೆ ಕೊಟ್ಟರೆ ಆಕೆ ನಿಜಾಮನ ರಾಜ್ಯದಲ್ಲೇ ಉಳಿದಳು. ಮಾನ್ವಿಯ ಹೆಣ್ಣು ಸಿರುಗುಪ್ಪದ ಸೊಸೆಯಾದರೆ ಮದ್ರಾಸ್ ಪ್ರಾಂತದವಳಾದಳು. ನಾಣ್ಯವೂ ಬೇರೆ: ಸುಮಾರು 7 ಹಾಲಿ ಸಿಕ್ಕಾ ರೂಪಾಯಿಗೆ 6 ಬ್ರಿಟಿಷ್ ರೂಪಾಯಿ.

ನಿಜವಾದ ತೊಡಕು ಬಂದದ್ದು 1939ರಲ್ಲಿ. 1922ರ ಆದಾಯ ತೆರಿಗೆ ಕಾಯ್ದೆಗೆ ಆಗ ಬಂದ ತಿದ್ದುಪಡಿ, ನಿವಾಸಿ ಯಾರೆಂದು ನಿರ್ಧರಿಸಲು ಮನೆಯನ್ನೂ ಲೆಕ್ಕಕ್ಕೆ ಹಿಡಿಯಿತು. ವರ್ಷದಲ್ಲಿ 182 ದಿನ ಬ್ರಿಟಿಷ್ ಇಂಡಿಯಾದಲ್ಲಿ ಒಬ್ಬನಿಗೆ ವಾಸದ ಮನೆಯಿದ್ದು, ಆತ ಒಂದಿಷ್ಟು ಹೊತ್ತು ಅಲ್ಲಿಗೆ ಬಂದಿದ್ದರೂ ಸಾಕು, ನಿವಾಸಿಯೇ. ರಾಯಚೂರಿನಲ್ಲಿ ಅರಳೆ ವ್ಯಾಪಾರ ಮಾಡುತ್ತ, ಹೆಂಡತಿ ಮಕ್ಕಳನ್ನು ಬಳ್ಳಾರಿಯಲ್ಲಿ ಇರಿಸಿದವನ ಗತಿ ಊಹಿಸಿ: ದೀಪಾವಳಿಗೆ ಮನೆಗೆ ಬಂದದ್ದೇ ತೆರಿಗೆಗೆ ದಾರಿ! 1941ರಲ್ಲಿ ಕೊಂಚ ಸಡಿಲಿಕೆ ಸಿಕ್ಕಿತು. ಸಂಸ್ಥಾನದಲ್ಲಿ ಗಳಿಸಿದ್ದಕ್ಕೆ, ಅದನ್ನು ಬ್ರಿಟಿಷ್ ಇಂಡಿಯಾಕ್ಕೆ ತಂದರೆ ಮಾತ್ರ ತೆರಿಗೆ. ಲಾಭ ರಾಯಚೂರಿನಲ್ಲೇ ಉಳಿದರೆ ಕ್ಷೇಮ. ಮನೆಯ ಖರ್ಚಿಗೆಂದು ಹೊಳೆ ದಾಟಿಸಿದರೆ ಲೆಕ್ಕ ಕೊಡಬೇಕು. ಸಂಸಾರ ನಡೆಸಲು ಕಳಿಸಿದ ಹಣವನ್ನೇ ಕಾನೂನು ಹಿಡಿಯಿತು ಎನ್ನಬೇಕು.

ಹೈದರಾಬಾದ್ ತನ್ನದೇ ಆದಾಯ ತೆರಿಗೆ ಕಾಯ್ದೆ ಮಾಡಿಕೊಂಡದ್ದು 1357 ಫಸಲಿಯಲ್ಲಿ, ಅಂದರೆ 1947-48ರ ಸುಮಾರಿಗೆ. ಅದಕ್ಕೆ ಆಯುಸ್ಸು ಕಡಿಮೆ. 1950ರ ಏಪ್ರಿಲ್ 1ರಿಂದ ಭಾರತದ ಕಾಯ್ದೆಯೇ ಅಲ್ಲಿಗೂ ಅನ್ವಯಿಸಿತು. 1956ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯ ಸೇರಿ, ಅದರ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಕ್ಕೆ ಹೋದಾಗ ಎಷ್ಟೋ ಬೀಗರು ಪರರಾಜ್ಯದವರಾದರು. ಆದಾಯ ತೆರಿಗೆ ಮಾತ್ರ ಬದಲಾಗಲಿಲ್ಲ.

ರಾಜ್ಯಗಳ ಪಾಲಿಗೆ ಉಳಿದಿರುವುದು, ಕೃಷಿ ಆದಾಯದ ಮಾತು ಬಿಟ್ಟರೆ, ವೃತ್ತಿ ತೆರಿಗೆ. ಸಂವಿಧಾನದ 276ನೇ ವಿಧಿ ಅದಕ್ಕೆ ವರ್ಷಕ್ಕೆ 250 ರೂಪಾಯಿಯ ಮಿತಿ ಹಾಕಿತ್ತು. 1988ರ ತಿದ್ದುಪಡಿ ಅದನ್ನು 2,500 ಮಾಡಿತು. ಮಾನ್ವಿಯ ಮೇಷ್ಟ್ರ ಸಂಬಳದಲ್ಲಿ ಅದನ್ನು ಕರ್ನಾಟಕ ಹಿಡಿದುಕೊಳ್ಳುತ್ತದೆ, ಆದೋನಿಯ ಹೆಂಡತಿಯ ಸಂಬಳದಲ್ಲಿ ಆಂಧ್ರ.